ಬಡಾವಣೆಯಲ್ಲಿ ನಿಲ್ಲದ ‘ಗುಂಯ್’ ಸದ್ದು: ಮೂಲ ಪತ್ತೆ ಹಚ್ಚುವ ಕ್ರಮ

ಲಕ್ಷಣಗಳು ಸಾಮಾನ್ಯವಾಗಿ ಹೀಗಿರುತ್ತವೆ. ದೂರದಲ್ಲೆಲ್ಲೋ ಲಾರಿಯೊಂದು ಎಂಜಿನ್ ಆಫ್ ಮಾಡದೆ ನಿಂತಂಥ ಸದ್ದು. ಮನೆಯೊಳಗೆ ಜಾಸ್ತಿ, ಹೊರಗೆ ಬಂದರೆ ಕಡಿಮೆ. ರಾತ್ರಿ ಸ್ಪಷ್ಟ, ಹಗಲು ಇಲ್ಲವೆನ್ನುವಷ್ಟು ಕ್ಷೀಣ. ಒಬ್ಬರಿಗೆ ನಿದ್ದೆ ಕೆಡಿಸುತ್ತದೆ, ಪಕ್ಕದಲ್ಲೇ ಮಲಗಿದವರಿಗೆ ಕೇಳುವುದೇ ಇಲ್ಲ. ಕಿಟಕಿ ಮುಚ್ಚಿದರೆ ತಗ್ಗುವ ಬದಲು ಹೆಚ್ಚಾದಂತೆ ಅನ್ನಿಸುತ್ತದೆ.

ಇವು ಯಾವುವೂ ವಿಚಿತ್ರವಲ್ಲ. ಸುಮಾರು 20ರಿಂದ 160 ಹರ್ಟ್ಸ್‌ವರೆಗಿನ (ಹರ್ಟ್ಸ್ ಅಂದರೆ ಸೆಕೆಂಡಿಗೊಂದು ಕಂಪನ; ಈ ಎಣಿಕೆಯೇ ಸದ್ದಿನ ಆವೃತ್ತಿ) ಯಾವ ಸದ್ದೂ ಹೀಗೇ ನಡೆದುಕೊಳ್ಳುತ್ತದೆ. ಆದ್ದರಿಂದ ಈ ಲಕ್ಷಣಗಳಿಂದ ಮೂಲ ಯಾವುದೆಂದು ಹೇಳಲು ಬರುವುದಿಲ್ಲ. ಬಹುತೇಕ ಬಡಾವಣೆಗಳಲ್ಲಿ ಹುಡುಕಾಟ ದಾರಿ ತಪ್ಪುವುದು ಇಲ್ಲೇ. ಮೊದಲು ಯಾವುದೋ ಕಾರ್ಖಾನೆಯನ್ನೋ ಮೊಬೈಲ್ ಟವರನ್ನೋ ಅಪರಾಧಿಯೆಂದು ತೀರ್ಮಾನಿಸಿಬಿಡುತ್ತಾರೆ, ಸಾಕ್ಷ್ಯ ಹುಡುಕುವುದು ಆಮೇಲೆ. (ಟವರಿನ ಆಂಟೆನಾ ಗುಂಯ್‌ಗುಡುವುದಿಲ್ಲ. ಅದರ ಬುಡದಲ್ಲಿರುವ ಏಸಿ, ಫ್ಯಾನು, ಜನರೇಟರ್ ಗುಂಯ್‌ಗುಡುತ್ತವೆ.) ಸರಿಯಾದ ಕ್ರಮ ಇದಕ್ಕೆ ತದ್ವಿರುದ್ಧ: ಮೊದಲು ಸದ್ದಿನ ಆವೃತ್ತಿಯನ್ನು 0.1ರಿಂದ 0.2 ಹರ್ಟ್ಸ್ ನಿಖರತೆಯಲ್ಲಿ ಅಳೆಯಬೇಕು. 50.0 ಹರ್ಟ್ಸ್‌ಗೂ 48.9 ಹರ್ಟ್ಸ್‌ಗೂ ಕಿವಿಗೆ ವ್ಯತ್ಯಾಸ ಸಿಗದು, ಆದರೆ ಆ ಎರಡು ಸಂಖ್ಯೆಗಳು ಬೇರೆ ಬೇರೆ ಯಂತ್ರಗಳನ್ನು ತೋರಿಸುತ್ತವೆ.

ತಲೆಯೊಳಗೋ, ಮನೆಯೊಳಗೋ, ಹೊರಗೋ

ಕಿವಿಮೊರೆತ, ಅಂದರೆ ಟಿನ್ನಿಟಸ್, ಸದಾ ‘ಕೀಂಯ್’ ಎಂದೇ ಇರಬೇಕೆಂದಿಲ್ಲ. ತಗ್ಗು ದನಿಯ ಟಿನ್ನಿಟಸ್ ಕೂಡ ಇದೆ. ಇದನ್ನು ಮೊದಲೇ ಪರೀಕ್ಷಿಸಿಕೊಂಡರೆ ಯಾರಿಗೂ ಅವಮಾನವಿಲ್ಲ, ತಿಂಗಳುಗಟ್ಟಲೆ ಶ್ರಮವೂ ಉಳಿಯುತ್ತದೆ. ಇಯರ್‌ಪ್ಲಗ್ ಹಾಕಿಕೊಂಡು ನೋಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆದರೆ ಸರಿಯಾಗಿ ಕೂರದ ಪ್ಲಗ್ ಇಷ್ಟು ಕಡಿಮೆ ಆವೃತ್ತಿಯನ್ನು ತಡೆಯುವುದೇ ಇಲ್ಲ. ಹಾಗಾಗಿ ‘ಪ್ಲಗ್ ಹಾಕಿದರೂ ಕೇಳುತ್ತದೆ’ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ.

ಇದಕ್ಕಿಂತ ನಂಬಬಹುದಾದದ್ದು ಏರಿಳಿತದ ಪರೀಕ್ಷೆ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು, ದೊಡ್ಡ ಸ್ಪೀಕರಿನಲ್ಲಿ ಅಥವಾ ಕಿವಿಗೆ ಸಡಿಲವಾಗಿ ಹಿಡಿದ ಹೆಡ್‌ಫೋನಿನಲ್ಲಿ ಮೆಲ್ಲನೆ ಸ್ವರ ನುಡಿಸಿ. ಫೋನಿನ ಸ್ವಂತ ಸ್ಪೀಕರ್ ಇಷ್ಟು ತಗ್ಗಿನ ಸ್ವರವನ್ನು ಹೊರಡಿಸಲಾರದು. 30 ಹರ್ಟ್ಸ್‌ನಿಂದ ಶುರುಮಾಡಿ ಅರ್ಧ ಅರ್ಧ ಹರ್ಟ್ಸ್ ಏರಿಸುತ್ತ ಹೋಗಿ. ಹೊರಗಿನ ಸದ್ದು ನಿಜವಾಗಿದ್ದರೆ, ನಿಮ್ಮ ಸ್ವರ ಅದರ ಹತ್ತಿರ ಬಂದಾಗ ಎರಡೂ ಸೇರಿ ‘ವುವ್ವ್... ವುವ್ವ್’ ಎಂದು ಉಬ್ಬಿ ಇಳಿಯತೊಡಗುತ್ತವೆ. ವ್ಯತ್ಯಾಸ 1 ಹರ್ಟ್ಸ್ ಇದ್ದರೆ ಸೆಕೆಂಡಿಗೆ ಒಂದು ಉಬ್ಬು, ಅರ್ಧ ಹರ್ಟ್ಸ್ ಇದ್ದರೆ ಎರಡು ಸೆಕೆಂಡಿಗೆ ಒಂದು. ಉಬ್ಬರ ಪೂರ್ತಿ ನಿಂತ ಕಡೆ ನಿಮಗೆ ಆವೃತ್ತಿಯೇ ಸಿಕ್ಕಿತು, ಮೈಕಿನ ಹಂಗಿಲ್ಲದೆ. ಟಿನ್ನಿಟಸ್ ಜೊತೆ ಈ ಏರಿಳಿತ ಹುಟ್ಟುವುದಿಲ್ಲ. ಮೂರು ನಾಲ್ಕು ಮನೆಯವರು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಈ ಪರೀಕ್ಷೆ ಮಾಡಿ, ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಡಿ. ಎಲ್ಲ ಚೀಟಿಗಳೂ ಒಂದು ಹರ್ಟ್ಸ್ ಒಳಗೆ ಸೇರಿದರೆ ಸದ್ದು ಹೊರಗಿನದೇ. ಒಂದು ಚೀಟಿ ಮಾತ್ರ ಬೇರೆ ಇದ್ದು, ಅವರಿಗೆ ಊರು ಬಿಟ್ಟು ಬೇರೆಲ್ಲಿ ಮಲಗಿದರೂ ಅದೇ ಸದ್ದು ಕೇಳುತ್ತಿದ್ದರೆ ಕಿವಿ ವೈದ್ಯರನ್ನು ಕಾಣುವುದು ಒಳ್ಳೆಯದು.

ಮನೆಯೊಳಗಿನ ಮೂಲವನ್ನು ಹೊರಹಾಕಲು ಮೇನ್ ಸ್ವಿಚ್ ಆಫ್ ಮಾಡಿ. ವೈದ್ಯಕೀಯ ಉಪಕರಣ ನಡೆಯುತ್ತಿರುವ ಮನೆಯಲ್ಲಿ ಈ ಪ್ರಯೋಗ ಬೇಡ. ಇನ್ವರ್ಟರ್ ಅಥವಾ ಯುಪಿಎಸ್ ಇದ್ದರೆ ಅದನ್ನೂ ಪ್ರತ್ಯೇಕವಾಗಿ ಆಫ್ ಮಾಡಬೇಕು. ಮೇನ್ ತೆಗೆದೊಡನೆ ಅದು ಬ್ಯಾಟರಿಗೆ ಬದಲಾಗಿ ಇನ್ನೂ ಜೋರಾಗಿ ಗುಂಯ್‌ಗುಡುತ್ತದೆ, ನೀವು ‘ಕರೆಂಟ್ ತೆಗೆದರೂ ಸದ್ದಿದೆ, ಹೊರಗಿನದೇ’ ಎಂದು ಬರೆದುಕೊಳ್ಳುತ್ತೀರಿ. ಅಪಾರ್ಟ್‌ಮೆಂಟಾದರೆ ಮೇಲಿನ, ಕೆಳಗಿನ, ಪಕ್ಕದ ಮನೆಗಳದ್ದೂ ಒಂದೊಂದಾಗಿ ಆಗಬೇಕು. ಗೋಡೆಗೆ ತಾಗಿದ ಫ್ರಿಜ್, ಅಕ್ವೇರಿಯಂ ಪಂಪು, ನೀರಿನ ಒತ್ತಡ ಹೆಚ್ಚಿಸುವ ಪಂಪು ಇವು ಪಕ್ಕದ ಮನೆಗೇ ಹೆಚ್ಚು ಕೇಳಿಸುತ್ತವೆ.

ದಾಖಲೆ

ಕನಿಷ್ಠ ಎರಡು ವಾರ, ಕನಿಷ್ಠ ಮೂರು ಮನೆಗಳಲ್ಲಿ, ಪರಸ್ಪರ ನೋಡದೆ ಬರೆಯಿರಿ. ದಿನ, ಶುರುವಾದ ಮತ್ತು ನಿಂತ ಹೊತ್ತು, 0ಯಿಂದ 5ರವರೆಗೆ ತೀವ್ರತೆ, ಗಾಳಿಯ ದಿಕ್ಕು, ಮಳೆ, ಕರೆಂಟ್ ಹೋದ ಬಂದ ಸಮಯ. ಕೇಳದೇ ಇದ್ದ ರಾತ್ರಿಗಳನ್ನೂ ಬರೆಯಲೇಬೇಕು. ಇದನ್ನೇ ಜನ ಬಿಡುವುದು.

ಕರೆಂಟ್ ಹೋಗುವುದು ಪುಕ್ಕಟೆ ಸಿಗುವ ಪ್ರಯೋಗ. ಹೋದೊಡನೆ ಸದ್ದು ನಿಂತರೆ ಅದು ಆ ಲೈನಿನ ಮೇಲಿನ ಯಂತ್ರ. ಹೋದ ಕೆಲವು ಸೆಕೆಂಡಿಗೆ ಶುರುವಾದರೆ ಡೀಸೆಲ್ ಜನರೇಟರ್. ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಬಂದರೆ ಜನರೇಟರ್ ಬೆಂಬಲವಿರುವ ಕಟ್ಟಡದ ಮೋಟರು. ಏನೂ ಬದಲಾಗದಿದ್ದರೆ ಬೇರೆ ಫೀಡರಿನ, ಅಂದರೆ ಬೇರೆ ವಿದ್ಯುತ್ ಲೈನಿನ ಯಂತ್ರ ಅಥವಾ ಬೇರೆಡೆಯ ಎಂಜಿನ್ ಇರಬೇಕು.

‘ರಾತ್ರಿ ಮಾತ್ರ ಕೇಳುತ್ತದೆ, ಆದ್ದರಿಂದ ರಾತ್ರಿ ಪಾಳಿಯಲ್ಲಿ ಓಡುವ ಯಂತ್ರ’ ಎಂಬ ತರ್ಕ ಹಲವು ಸಲ ಸುಳ್ಳಾಗುತ್ತದೆ. ರಾತ್ರಿ ಸುತ್ತಲಿನ ಗದ್ದಲ ಇಳಿಯುತ್ತದೆ. ಜೊತೆಗೆ ನಿರಭ್ರ, ಗಾಳಿಯಿಲ್ಲದ ರಾತ್ರಿಗಳಲ್ಲಿ ನೆಲದ ಬಳಿಯ ಗಾಳಿ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗಿರುತ್ತದೆ. ಮೇಲಕ್ಕೆ ಹೋಗಬೇಕಿದ್ದ ಧ್ವನಿ ಬಾಗಿ ಕೆಳಗಿಳಿಯುತ್ತದೆ. ಹೀಗಾಗಿ ಇಪ್ಪತ್ನಾಲ್ಕು ಗಂಟೆಯೂ ಓಡುವ ಯಂತ್ರವೊಂದು ರಾತ್ರಿ ಮಾತ್ರ ದೂರದವರಿಗೆ ತಲುಪಬಹುದು.

ರೆಕಾರ್ಡಿಂಗ್

ಮೆಸೇಜಿಂಗ್ ಆ್ಯಪಿನ ವಾಯ್ಸ್ ನೋಟ್ ಇಲ್ಲಿ ಪ್ರಯೋಜನಕ್ಕಿಲ್ಲ. ಅದು ಮಾತನ್ನು ಉಳಿಸಿ ಉಳಿದದ್ದನ್ನು ಗದ್ದಲವೆಂದು ಅಳಿಸುತ್ತದೆ, ಅಳಿಸಿಹೋಗುವುದು ನಿಮಗೆ ಬೇಕಾದದ್ದೇ. ವೇವ್ ಫೈಲ್ ಬರೆಯುವ, ನಾಯ್ಸ್ ಸಪ್ರೆಶನ್ ಮತ್ತು ಆಟೊ ಗೇನ್ ಆಫ್ ಮಾಡಲು ಬರುವ ರೆಕಾರ್ಡರ್ ಬಳಸಿ. 48,000 ಹರ್ಟ್ಸ್, ಮೊನೊ, ಒಂದೊಂದೂ 5 ನಿಮಿಷ. ಫೋನಿನ ಮೈಕು 50 ಹರ್ಟ್ಸ್‌ಗಿಂತ ಕೆಳಗೆ ಮಂದವಾಗುವುದರಿಂದ ಡೆಸಿಬೆಲ್ ಅಂಕಿ ನಂಬುವಂತಿರುವುದಿಲ್ಲ, ಆದರೆ ಆವೃತ್ತಿಯ ಅಂಕಿ ತಪ್ಪುವುದಿಲ್ಲ.

ಫೋನನ್ನು ಕೋಣೆಯ ಮೂಲೆಯಲ್ಲಿ, ಮಡಚಿದ ದಪ್ಪ ಬಟ್ಟೆಯ ಮೇಲೆ ಇಡಿ. ನಡುಮಧ್ಯೆ ಬೇಡ. ಕಾರಣ ಕೋಣೆಯ ಅಳತೆಯಲ್ಲಿದೆ: ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, 49 ಹರ್ಟ್ಸ್ ಅಲೆಯ ಉದ್ದ 7 ಮೀಟರ್. ಅದರ ಅರ್ಧ ಮೂರೂವರೆ ಮೀಟರ್, ಅಂದರೆ ಒಂದು ಮಲಗುವ ಕೋಣೆಯ ಉದ್ದ. ಅಲೆ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ಗೋಡೆಯ ಬಳಿ ಜೋರಾಗುತ್ತದೆ, ಮಧ್ಯೆ ಹೆಚ್ಚುಕಡಿಮೆ ಸತ್ತುಹೋಗುತ್ತದೆ. ಮಂಚದ ತಲೆದಿಂಬು ಗೋಡೆಗೆ ತಾಗಿರುವವರಿಗೆ ನಿದ್ದೆ ಬರುವುದಿಲ್ಲ. ವಿಚಾರಿಸಲು ಬಂದವರು ಕೋಣೆ ಮಧ್ಯೆ ನಿಂತು ‘ಏನೂ ಕೇಳುತ್ತಿಲ್ಲವಲ್ಲ’ ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜವೇ.

ರೆಕಾರ್ಡ್ ಮಾಡುವಾಗ ಚಾರ್ಜರ್ ತೆಗೆದಿರಿ. ಚಾರ್ಜರಿನಿಂದಲೂ ವೈರಿನ ಮೈಕಿನಿಂದಲೂ ವಿದ್ಯುತ್ತಿನ 50 ಮತ್ತು 100 ಹರ್ಟ್ಸ್ ನೇರವಾಗಿ ರೆಕಾರ್ಡಿಂಗಿಗೆ ನುಸುಳಿ, ಗಾಳಿಯಲ್ಲಿಲ್ಲದ ಸದ್ದನ್ನು ತೋರಿಸುತ್ತದೆ. ಅದೇ ಫೋನನ್ನು ಲೈನುಗಳಿಂದ ದೂರದ ಬಯಲಿಗೆ ಒಯ್ದು ಒಮ್ಮೆ ರೆಕಾರ್ಡ್ ಮಾಡಿ. ಅಲ್ಲೂ ಅದೇ ಗೆರೆ (ಮುಂದೆ ಹೇಳುವ ಸ್ಪೆಕ್ಟ್ರಮ್ಮಿನಲ್ಲಿ ಒಂದು ಆವೃತ್ತಿಯಲ್ಲಿ ಏಳುವ ಶಿಖರ) ಬಂದರೆ ಅದು ಫೋನಿನದು. ಸದ್ದು ಇಲ್ಲದ ರಾತ್ರಿಯಲ್ಲಿ ಅದೇ ಮೂಲೆಯಲ್ಲಿ ಇನ್ನೊಂದು ರೆಕಾರ್ಡಿಂಗ್ ಬೇಕೇ ಬೇಕು. ಹೋಲಿಸಲು ಅದಿಲ್ಲದಿದ್ದರೆ ಉಳಿದ ಯಾವ ಫೈಲಿಗೂ ಬೆಲೆಯಿಲ್ಲ.

ಫೈಲನ್ನು ಕಂಪ್ಯೂಟರಿನಲ್ಲಿ ಆಡಾಸಿಟಿ ತಂತ್ರಾಂಶದಲ್ಲಿ ತೆರೆಯಿರಿ. ನೇರವಾಗಿ ಸ್ಪೆಕ್ಟ್ರಮ್ (ಯಾವ ಆವೃತ್ತಿ ಎಷ್ಟು ಜೋರಿದೆ ಎಂದು ತೋರಿಸುವ ಚಿತ್ರ) ತೆಗೆದರೆ 65536ರ ಸೈಜಿನಲ್ಲೂ ಅದರ ಒಂದೊಂದು ಅಂಕಣ 0.73 ಹರ್ಟ್ಸ್ ಅಗಲವಿರುತ್ತದೆ, ಸಾಲದು. ಮೊದಲು ಟ್ರ್ಯಾಕನ್ನು 2000 ಹರ್ಟ್ಸ್‌ಗೆ ರಿಸ್ಯಾಂಪಲ್ ಮಾಡಿ, ಆಮೇಲೆ ‘ಪ್ಲಾಟ್ ಸ್ಪೆಕ್ಟ್ರಮ್’ನಲ್ಲಿ ಸೈಜ್ 16384 ಕೊಡಿ. ಈಗ ಪ್ರತಿ ಅಂಕಣ 0.12 ಹರ್ಟ್ಸ್. ಕನಿಷ್ಠ ಒಂದು ನಿಮಿಷದಷ್ಟು ಭಾಗ ಆಯ್ದುಕೊಂಡಿರಬೇಕು. 10ರಿಂದ 200 ಹರ್ಟ್ಸ್ ನಡುವೆ, ನಿಶ್ಶಬ್ದ ರಾತ್ರಿಯ ಫೈಲಿನಲ್ಲಿಲ್ಲದೆ ಇದರಲ್ಲಿ ಮಾತ್ರ ಚೂಪಾಗಿ ಎದ್ದಿರುವ ಶಿಖರಗಳನ್ನು ಗುರುತು ಹಾಕಿಕೊಳ್ಳಿ.

ಸಂಖ್ಯೆ ಏನು ಹೇಳುತ್ತದೆ

ಮುಂದಿನ ಲೆಕ್ಕ 50 ಹರ್ಟ್ಸ್ ವಿದ್ಯುತ್ ಜಾಲಕ್ಕೆ. 60 ಹರ್ಟ್ಸ್ ಇರುವ ದೇಶಗಳಲ್ಲಿ ಜಾಲಕ್ಕೆ ಕಟ್ಟುಬಿದ್ದ ಅಂಕಿಗಳನ್ನೆಲ್ಲ 1.2ರಿಂದ ಗುಣಿಸಿ.

ಸರಿಯಾಗಿ 100.0 ಹರ್ಟ್ಸ್, ಜೊತೆಗೆ 200, 300ರಲ್ಲಿ ಚಿಕ್ಕ ಶಿಖರಗಳು: ಟ್ರಾನ್ಸ್‌ಫಾರ್ಮರ್. ಕಬ್ಬಿಣದ ತಿರುಳು ವಿದ್ಯುತ್ತಿನ ಪ್ರತಿ ಅರ್ಧ ಸುತ್ತಿಗೊಮ್ಮೆ ಹಿಗ್ಗಿ ಕುಗ್ಗುವುದರಿಂದ 50ರ ದುಪ್ಪಟ್ಟು. ಜಾಲದ ಆವೃತ್ತಿ 49.95ಕ್ಕೆ ಇಳಿದರೆ ಇದು 99.9ಕ್ಕೆ ಇಳಿಯುತ್ತದೆ, ಒಂದಿನಿತೂ ತಪ್ಪದೆ.

48ರಿಂದ 49.5ರ ನಡುವೆ ಇದ್ದರೆ ಎರಡು ಪೋಲಿನ (ಕಾಂತಧ್ರುವದ) ಇಂಡಕ್ಷನ್ ಮೋಟರು. 24ರಿಂದ 24.8 ಆದರೆ ನಾಲ್ಕು ಪೋಲಿನದು. ಇಂಡಕ್ಷನ್ ಮೋಟರು ಜಾಲದ ವೇಗಕ್ಕಿಂತ ಸದಾ ಕೊಂಚ ಹಿಂದೆ ತಿರುಗುತ್ತದೆ: 1500ರ ಬದಲು ನಿಮಿಷಕ್ಕೆ 1440ರಿಂದ 1485 ಸುತ್ತು. ಈ ಕೊಂಚ ಕೊರತೆಯೇ ಅದರ ಗುರುತು. ಹೊರೆ ಹೆಚ್ಚಾದಷ್ಟೂ ಇನ್ನಷ್ಟು ಹಿಂದೆ ಬೀಳುವುದರಿಂದ, ಗಂಟೆಗಟ್ಟಲೆಯ ರೆಕಾರ್ಡಿಂಗಿನಲ್ಲಿ ಗೆರೆ 0.1ರಿಂದ 0.3 ಹರ್ಟ್ಸ್ ನಿಧಾನವಾಗಿ ಸರಿದರೆ ಅದು ಹೊರೆ ಬದಲಾಗುತ್ತಿರುವ ಪಂಪು ಎಂದು ಊಹಿಸಬಹುದು. ಗೆರೆ ಹಠಾತ್ತನೆ ಹತ್ತಾರು ಹರ್ಟ್ಸ್ ಮೇಲೆ ಕೆಳಗೆ ಜಾರುತ್ತಿದ್ದರೆ ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಸಾಧನ) ಜೋಡಿಸಿದ ಮೋಟರು.

ಫ್ಯಾನಿಗೆ ಎರಡು ಅಂಕಿ ಇರುತ್ತವೆ: ಸುತ್ತಿನ ವೇಗ, ಮತ್ತು ಅದನ್ನು ರೆಕ್ಕೆಗಳ ಸಂಖ್ಯೆಯಿಂದ ಗುಣಿಸಿದ್ದು. ನಿಮಿಷಕ್ಕೆ 300 ಸುತ್ತು ತಿರುಗುವ ನಾಲ್ಕು ರೆಕ್ಕೆಯ ಕೂಲಿಂಗ್ ಟವರ್ ಫ್ಯಾನ್ ಅಂದರೆ ಸೆಕೆಂಡಿಗೆ 5 ಸುತ್ತು, 20 ಹರ್ಟ್ಸ್. ಎಸ್‌ಟಿಪಿಗಳಲ್ಲಿ (ಕೊಳಚೆ ನೀರು ಶುದ್ಧೀಕರಿಸುವ ಘಟಕಗಳಲ್ಲಿ) ನೀರಿಗೆ ಗಾಳಿಯೂದುವ ರೂಟ್ಸ್ ಬ್ಲೋವರ್ ಬಡಾವಣೆಗಳ ಗುಂಯ್ ಸದ್ದಿಗೆ ಬಹಳ ಸಲ ಕಾರಣ. ಅದರ ತಿರುಗುವ ಭಾಗದ ಉಬ್ಬುಗಳೇ ಲೋಬುಗಳು: ಮೂರು ಲೋಬಿನದು ಪ್ರತಿ ಸುತ್ತಿಗೆ 6 ಬಾರಿ ಗಾಳಿ ಉಗುಳುತ್ತದೆ, ಎರಡು ಲೋಬಿನದು 4 ಬಾರಿ. 1200 ಸುತ್ತಿನ ವೇಗದಲ್ಲಿ ಇವು ಕ್ರಮವಾಗಿ 120 ಮತ್ತು 80 ಹರ್ಟ್ಸ್ ಆಗುತ್ತವೆ.

ಎಂಜಿನ್ನಿಗೆ ಸಿಲಿಂಡರ್ ಸಂಖ್ಯೆಯ ಅರ್ಧವನ್ನು ಸೆಕೆಂಡಿನ ಸುತ್ತುಗಳಿಂದ ಗುಣಿಸಿ. 1500 ಸುತ್ತಿನ ಆರು ಸಿಲಿಂಡರ್ ಜನರೇಟರ್ 75 ಹರ್ಟ್ಸ್, ನಾಲ್ಕು ಸಿಲಿಂಡರಿನದು 50. ಹೀಗೆ 50ರ ಗೆರೆಯನ್ನು ವಿದ್ಯುತ್ ಜಾಲದ್ದೆಂದುಕೊಂಡು ಮೋಸ ಹೋಗುವ ಸಾಧ್ಯತೆಯಿದೆ. ಆದರೆ ಎಂಜಿನ್ ಗೆರೆಯ ಕೆಳಗೆ 12.5, 25, 37.5 ಎಂದು ಮೆಟ್ಟಿಲು ಮೆಟ್ಟಿಲಾಗಿ ಚಿಕ್ಕ ಶಿಖರಗಳಿರುತ್ತವೆ, ಜಾಲದ ಗೆರೆಗೆ ಅವು ಇರುವುದಿಲ್ಲ. ನಿಂತಲ್ಲೇ 650 ಸುತ್ತಿನಲ್ಲಿ ಓಡುತ್ತಿರುವ ಆರು ಸಿಲಿಂಡರ್ ಲಾರಿ ಅಥವಾ ಬಸ್ಸು 32.5 ಹರ್ಟ್ಸ್.

ಸದ್ದು ತಾನೇ ಮೂರು ನಾಲ್ಕು ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತಿದ್ದರೆ ಒಂದೇ ಜಾತಿಯ ಎರಡು ಯಂತ್ರ ಅಕ್ಕಪಕ್ಕ ಓಡುತ್ತಿವೆ. 24.4 ಮತ್ತು 24.7ರ ಎರಡು ಮೋಟರು ಸೇರಿದರೆ ಸುಮಾರು 3.3 ಸೆಕೆಂಡಿಗೊಂದು ಉಬ್ಬರ. ಜೋಡಿ ಪಂಪು, ಜೋಡಿ ಫ್ಯಾನು ಎಲ್ಲಿದೆ ಎಂದು ಹುಡುಕಿ. ಪಟ್ಟಿ ಅಲ್ಲಿಗೇ ಬಹಳ ಚಿಕ್ಕದಾಗುತ್ತದೆ.

ಯಂತ್ರವೇ ಅಲ್ಲದ ಮೂಲಗಳೂ ಇವೆ. ಅಮೆರಿಕದ ಸಾಸಲಿಟೊದಲ್ಲಿ 1980ರ ದಶಕದಲ್ಲಿ ದೋಣಿಮನೆಗಳವರ ನಿದ್ದೆ ಕೆಡಿಸಿದ ಸದ್ದು ಮಿಡ್‌ಶಿಪ್‌ಮನ್ ಎಂಬ ಮೀನಿನ ಗಂಡುಗಳದ್ದು, ಹೆಣ್ಣನ್ನು ಕರೆಯುವ ದನಿ. ಅದರ ಆವೃತ್ತಿ ಸುಮಾರು 100 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಎಂದುಕೊಳ್ಳಲು ಇನ್ನೇನು ಬೇಕು.

ಗಾಳಿಯಲ್ಲೋ, ಗೋಡೆಯಲ್ಲೋ

ಸ್ಟೆತಸ್ಕೋಪನ್ನು ನೀರಿನ ಪೈಪು, ಕಾಲಂ, ಗೋಡೆ, ಕಿಟಕಿಯ ಗಾಜು ಹೀಗೆ ಒಂದೊಂದಕ್ಕೇ ಇಟ್ಟು ಕೇಳಿ. ಅಥವಾ ಫೈಫಾಕ್ಸ್‌ನಂಥ ಆ್ಯಪಿನಲ್ಲಿ ಫೋನಿನ ಆಕ್ಸೆಲೆರೊಮೀಟರಿನ (ಅಲುಗಾಟ ಗ್ರಹಿಸುವ ಸೆನ್ಸರಿನ) ಸ್ಪೆಕ್ಟ್ರಮ್ ತೆಗೆಯಿರಿ. ಫೋನ್ ನೆಲದ ಮೇಲೆ ನೇರವಾಗಿ ಕೂತಿರಬೇಕು, ಕವರ್ ತೆಗೆದಿರಬೇಕು. ಸೆನ್ಸರು ಸೆಕೆಂಡಿಗೆ 100 ಸಲ ಮಾತ್ರ ಓದುವ ಫೋನಾದರೆ 50 ಹರ್ಟ್ಸ್‌ಗಿಂತ ಮೇಲಿನದನ್ನು ಅದು ತಪ್ಪು ಅಂಕಿಯಲ್ಲಿ ತೋರಿಸುತ್ತದೆ, ಎಚ್ಚರ. ಮೈಕು ಕಂಡ ಗೆರೆಯೇ ಕಾಲಮ್ಮಿನಲ್ಲೂ ಪೈಪಿನಲ್ಲೂ ಗಟ್ಟಿಯಾಗಿ ಸಿಕ್ಕರೆ, ಮತ್ತು ಹೊರಗೆ ಬಯಲಲ್ಲಿ ಸಿಗದಿದ್ದರೆ, ಮೂಲ ನಿಮ್ಮದೇ ಕಟ್ಟಡದಲ್ಲಿದೆ. ಸಂಪಿನ ಪಂಪು, ಲಿಫ್ಟ್ ಮೋಟರು, ತಾರಸಿಯ ಏಸಿ ಘಟಕ, ನೆಲಮಾಳಿಗೆಯ ಎಕ್ಸಾಸ್ಟ್ ಫ್ಯಾನ್ ಈ ಕ್ರಮದಲ್ಲಿ ನೋಡಿ.

ಕಿಟಕಿ ಮುಚ್ಚಿದಾಗ ಹೆಚ್ಚಾಗುತ್ತದೆ ಎಂಬುದು ಗೋಡೆಯಲ್ಲಿ ಬರುತ್ತಿದೆ ಎಂಬುದಕ್ಕೆ ಪುರಾವೆಯಲ್ಲ. ಗಾಜು ಮೇಲಿನ ಆವೃತ್ತಿಯ ಗದ್ದಲವನ್ನು ತಡೆದು ತಗ್ಗಿನದನ್ನು ಬಿಟ್ಟುಕೊಡುತ್ತದೆ, ಮರೆಮಾಚುತ್ತಿದ್ದ ಸದ್ದು ಹೋಗಿ ಇದೊಂದೇ ಉಳಿಯುತ್ತದೆ.

ಬೀದಿಗಿಳಿದು ಹುಡುಕುವುದು

ಕಿವಿಯಿಂದ ದಿಕ್ಕು ಹುಡುಕಲು ಹೋಗಬೇಡಿ. ಏಳು ಮೀಟರ್ ಉದ್ದದ ಅಲೆ ಎರಡು ಕಿವಿಗಳಿಗೂ ಹೆಚ್ಚುಕಡಿಮೆ ಒಂದೇ ಆಗಿ ತಲುಪುತ್ತದೆ. ಮನೆಯೊಳಗೆ ನಿಂತು ‘ಆ ಗೋಡೆಯ ಕಡೆಯಿಂದ ಬರುತ್ತಿದೆ’ ಎನ್ನುವುದು ಕೋಣೆಯ ಆಟವಷ್ಟೇ.

ಬಡಾವಣೆಯ ನಕ್ಷೆಯಲ್ಲಿ 50ರಿಂದ 100 ಮೀಟರಿಗೊಂದು ಚುಕ್ಕೆ ಇಡಿ. ಗಾಳಿ ಬಿದ್ದಿರುವ ರಾತ್ರಿ, 2ರಿಂದ 4 ಗಂಟೆಯೊಳಗೆ, ಒಂದೇ ಫೋನಿನಲ್ಲಿ ಪ್ರತಿ ಚುಕ್ಕೆಯಲ್ಲಿ ಒಂದೊಂದು ನಿಮಿಷ ರೆಕಾರ್ಡ್ ಮಾಡಿ. ಮೈಕಿಗೆ ಸ್ಪಂಜಿನ ಟೋಪಿ ಇರಲಿ. ಇಬ್ಬರು ಮೂವರು ಒಟ್ಟಿಗೆ ಹೋಗಿ, ದಾರಿಯ ಮನೆಯವರಿಗೂ ಕಾವಲಿನವರಿಗೂ ಮೊದಲೇ ತಿಳಿಸಿ. ಕಟ್ಟಡಗಳಿಂದ ಮರಳಿದ ಅಲೆ ಕೆಲವೆಡೆ ಸದ್ದನ್ನು ಅಳಿಸುವುದರಿಂದ ಪ್ರತಿ ಚುಕ್ಕೆಯಲ್ಲಿ ಎರಡು ಮೂರು ಮೀಟರ್ ಸರಿದು ಮೂರು ಓದು ತೆಗೆದು ಸರಾಸರಿ ಮಾಡಿ. ನೋಡಬೇಕಾದದ್ದು ಒಟ್ಟು ಡೆಸಿಬೆಲ್ ಅಲ್ಲ, ನಿಮ್ಮ ಆ ಒಂದು ಗೆರೆಯ ಎತ್ತರ ಮಾತ್ರ. ಫೋನಿನ ಅಂಕಿ ತಪ್ಪಿದ್ದರೂ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ತಪ್ಪಿರುತ್ತದೆ, ಹೋಲಿಕೆಗೆ ಸಾಕು.

ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಇದರಿಂದ ಅಂದಾಜು ದೂರವೂ ಸಿಗುತ್ತದೆ. ಮೂಲದಿಂದ ನೇರ ಆಚೆಗೆ 100 ಮೀಟರ್ ನಡೆದಾಗ 6 ಡೆಸಿಬೆಲ್ ಇಳಿದರೆ ನೀವು ಹೊರಟ ಜಾಗ ಮೂಲದಿಂದ 100 ಮೀಟರ್, 2 ಇಳಿದರೆ ಸುಮಾರು 390, 1 ಮಾತ್ರ ಇಳಿದರೆ 800 ಮೀಟರಿಗೂ ಹೆಚ್ಚು. ಕಟ್ಟಡಗಳ ನಡುವೆ ಈ ಲೆಕ್ಕ ಒರಟು, ಆದರೆ ಹುಡುಕಬೇಕಾದದ್ದು ಪಕ್ಕದ ಬೀದಿಯಲ್ಲೋ ಊರಾಚೆಯಲ್ಲೋ ಎಂದು ಹೇಳುವಷ್ಟು ನಿಜ.

ಆಫ್–ಆನ್ ಪರೀಕ್ಷೆ

ಆವೃತ್ತಿ ಹೊಂದಿತು, ನಕ್ಷೆಯೂ ಅಲ್ಲಿಗೇ ಬೆರಳು ತೋರಿಸುತ್ತಿದೆ ಅಂದರೂ ಸಾಬೀತಾದಂತಲ್ಲ. ಯಂತ್ರದವರ ಸಹಕಾರ ಬೇಕು, ಆರೋಪ ಹೊತ್ತು ಹೋದರೆ ಅದು ಸಿಗದು. ‘ನಿಮ್ಮ ಬ್ಲೋವರಿನ ಬೇರಿಂಗ್ ಸವೆದಿರಬಹುದು, ಹತ್ತು ನಿಮಿಷ ಪರೀಕ್ಷಿಸೋಣವೇ’ ಎಂದು ಕೇಳಿದರೆ ನಿರ್ವಹಣೆಯವರು ಬಹುಮಟ್ಟಿಗೆ ಒಪ್ಪುತ್ತಾರೆ. ಯಂತ್ರದ ಬಳಿ ಒಬ್ಬರು ಎರಡು ನಿಮಿಷ ಆನ್, ಎರಡು ನಿಮಿಷ ಆಫ್ ಎಂದು ಐದಾರು ಸಲ, ಮನಸ್ಸಿಗೆ ಬಂದ ಕ್ರಮದಲ್ಲಿ ಮಾಡಿಸಲಿ. ದೊಡ್ಡ ಮೋಟರನ್ನು ಪದೇ ಪದೇ ಸ್ಟಾರ್ಟ್ ಮಾಡಿದರೆ ವೈಂಡಿಂಗ್ ಕಾದುಹೋಗುತ್ತದೆ, ಅಂಥದ್ದಕ್ಕೆ ಎರಡೇ ಸಲ, ನಡುವೆ ಅರ್ಧ ಗಂಟೆ ಬಿಡುವು. ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಆ ಕ್ರಮ ಗೊತ್ತಿರಬಾರದು. ಆಮೇಲೆ ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ.

ಸಹಕಾರ ಸಿಗದೆ ದೂರು ಕೊಡಬೇಕಾದರೆ ಡಿಬಿ(ಎ) ಮಾಪನವನ್ನು (ಕಿವಿಯ ಸೂಕ್ಷ್ಮತೆಗೆ ಹೊಂದಿಸಲು ‘ಎ ತೂಕ’ ಹಾಕಿ ತಗ್ಗಿನ ಆವೃತ್ತಿಗಳನ್ನು ಕಡಿಮೆ ಎಣಿಸಿದ ಡೆಸಿಬೆಲ್) ಮಾತ್ರ ಒಪ್ಪಿಕೊಳ್ಳಬೇಡಿ. ಎ ತೂಕ 50 ಹರ್ಟ್ಸ್‌ನಲ್ಲಿ 30 ಡೆಸಿಬೆಲ್, 31.5ರಲ್ಲಿ 39 ಡೆಸಿಬೆಲ್ ಕಳೆದುಬಿಡುತ್ತದೆ. ಸ್ಪಷ್ಟವಾಗಿ ಕೇಳುವ 55 ಡೆಸಿಬೆಲ್‌ನ 50 ಹರ್ಟ್ಸ್ ಸದ್ದು ಮೀಟರಿನಲ್ಲಿ 25 ಎಂದು ಕಾಣುತ್ತದೆ, ‘ಮಿತಿಯೊಳಗಿದೆ’ ಎಂಬ ವರದಿ ಬರುತ್ತದೆ. 10ರಿಂದ 160 ಹರ್ಟ್ಸ್‌ವರೆಗೆ ಮೂರನೇ ಒಂದು ಆಕ್ಟೇವ್ ಪಟ್ಟಿಗಳಲ್ಲಿ (ಆವೃತ್ತಿಗಳನ್ನು ಕಿರಿದಾದ ಗುಂಪುಗಳಾಗಿ ವಿಂಗಡಿಸಿ), ರಾತ್ರಿ, ಮಲಗುವ ಕೋಣೆಯೊಳಗೆ ಅಳೆಯಿರಿ ಎಂದು ಬರಹದಲ್ಲಿ ಕೇಳಿ. ಹೋಲಿಕೆಗೆ, ಬ್ರಿಟನ್ನಿನಲ್ಲಿ 2005ರಲ್ಲಿ ರೂಪಿಸಿದ ಮಾರ್ಗದರ್ಶಿ ರೇಖೆ ಕೋಣೆಯೊಳಗೆ 31.5 ಹರ್ಟ್ಸ್‌ಗೆ 56, 50ಕ್ಕೆ 43, 100ಕ್ಕೆ 38 ಡೆಸಿಬೆಲ್ ಎಂದಿಡುತ್ತದೆ.

ದುರಸ್ತಿ

ಮೊದಲು ನೋಡಬೇಕಾದದ್ದು ಯಂತ್ರದ ಕಾಲುಗಳು. ರಬ್ಬರ್ ಅಥವಾ ಸ್ಪ್ರಿಂಗ್ ಮೌಂಟ್ ಇದ್ದೂ ಸಾಗಣೆಗೆ ಹಾಕಿದ ಬೋಲ್ಟ್ ತೆಗೆಯದೇ ಬಿಟ್ಟಿರುವುದು, ಅಡಿಯಲ್ಲಿ ಗಾರೆ ತುಂಡು ಸಿಕ್ಕಿಕೊಂಡಿರುವುದು, ಪೈಪನ್ನು ನೇರ ಗೋಡೆಗೆ ಕ್ಲಾಂಪ್ ಮಾಡಿರುವುದು ಬಹಳ ಸಾಮಾನ್ಯ. ಇವು ಬಿಡಿಗಾಸಿನ ಕೆಲಸಗಳು. ಪೈಪಿಗೆ ಪಂಪಿನ ಎರಡೂ ಬದಿ ರಬ್ಬರ್ ಬೆಲ್ಲೋಸ್ (ಬಾಗುವ ಜೋಡಣೆ), ಕ್ಲಾಂಪಿನೊಳಗೆ ರಬ್ಬರ್ ಪಟ್ಟಿ ಹಾಕಿಸಿ.

ಮೌಂಟ್ ಬದಲಿಸುವಾಗ ‘ದಪ್ಪ ರಬ್ಬರ್ ಹಾಕಿ’ ಎಂದರೆ ಸಾಲದು. ಯಂತ್ರದ ಭಾರಕ್ಕೆ ಮೌಂಟ್ ಎಷ್ಟು ಮಿಲಿಮೀಟರ್ ಕುಸಿಯುತ್ತದೆ ಎಂಬುದು ಲೆಕ್ಕ. 15.8ನ್ನು ಆ ಕುಸಿತದ ವರ್ಗಮೂಲದಿಂದ ಭಾಗಿಸಿದರೆ ಮೌಂಟಿನ ಸ್ವಂತ ಆವೃತ್ತಿ: 2 ಮಿ.ಮೀ. ಕುಸಿದರೆ 11 ಹರ್ಟ್ಸ್, 25 ಮಿ.ಮೀ. ಕುಸಿದರೆ 3.2. ಯಂತ್ರದ ಆವೃತ್ತಿ ಇದರ ಮೂರು ಪಟ್ಟಾದರೂ ಇರಬೇಕು. 1.4 ಪಟ್ಟಿಗಿಂತ ಕಡಿಮೆಯಾದರೆ ಮೌಂಟ್ ಕಂಪನವನ್ನು ತಡೆಯುವ ಬದಲು ಹೆಚ್ಚಿಸುತ್ತದೆ. 24.5 ಹರ್ಟ್ಸ್‌ನ ಮೋಟರಿಗೆ 2 ಮಿ.ಮೀ.ನ ಪ್ಯಾಡ್ ಅರೆಬರೆ, ಸ್ಪ್ರಿಂಗ್ ಬೇಕು.

ಗಾಳಿಯಲ್ಲಿ ಬರುವ ಸದ್ದಿಗೆ ಮೌಂಟ್ ಏನೂ ಮಾಡದು. ಬ್ಲೋವರ್, ಕಂಪ್ರೆಸರುಗಳಿಗೆ ಗಾಳಿ ಒಳಬರುವ ಬಾಯಿಗೂ ಸೈಲೆನ್ಸರ್ ಬೇಕು, ಆ ಆವೃತ್ತಿಗೆಂದೇ ಲೆಕ್ಕ ಹಾಕಿದ್ದು. ಫ್ಯಾನಾದರೆ ರೆಕ್ಕೆಯ ಕೊಳೆ ತೊಳೆದು ಬ್ಯಾಲೆನ್ಸ್ ಮಾಡಿಸಿ. ವಿಎಫ್‌ಡಿ ಇದ್ದರೆ ಶೇಕಡಾ 5ರಷ್ಟು ವೇಗ ಬದಲಿಸಿ ನೋಡಿ. ಕೋಣೆಯ ಅನುರಣನ ತಪ್ಪಿದರೆ ಅಷ್ಟಕ್ಕೇ ದೂರು ನಿಲ್ಲಬಹುದು. ನಿಮ್ಮ ಗೋಡೆಗೆ ಫೋಮ್ ಅಂಟಿಸುವುದಕ್ಕೆ ಹಣ ಹಾಕಬೇಡಿ, ಅಂಗುಲ ದಪ್ಪದ ಫೋಮಿಗೆ ಏಳು ಮೀಟರಿನ ಅಲೆ ತಡೆಯುವುದು ಆಗದ ಮಾತು.

ದುರಸ್ತಿಯಾದ ಮೇಲೆ ಅದೇ ಮೂಲೆ, ಅದೇ ಫೋನು, ಅದೇ ಹೊತ್ತಿನಲ್ಲಿ ಮತ್ತೆ ರೆಕಾರ್ಡ್ ಮಾಡಿ. ಗೆರೆ ಹೋಗಿದ್ದರೂ ಕೆಲವರು ‘ಇನ್ನೂ ಇದೆ’ ಎನ್ನಬಹುದು. ಅಮೆರಿಕದ ಕೊಕೊಮೊ ಪಟ್ಟಣದಲ್ಲಿ 2003ರ ತನಿಖೆ ಎರಡು ಬೇರೆ ಬೇರೆ ಕಾರ್ಖಾನೆಗಳಲ್ಲಿ ಎರಡು ಮೂಲ ಕಂಡಿತ್ತು, 36 ಹರ್ಟ್ಸ್‌ನ ಕೂಲಿಂಗ್ ಟವರ್ ಮತ್ತು 10 ಹರ್ಟ್ಸ್‌ನ ಕಂಪ್ರೆಸರ್. ಅವನ್ನು ಸರಿಪಡಿಸಿದ ಮೇಲೂ ದೂರುಗಳು ಪೂರ್ತಿ ನಿಲ್ಲಲಿಲ್ಲ. ಜೋರು ಸದ್ದು ಹೋದಾಗ ಅದರಡಿಯಲ್ಲಿ ಅಡಗಿದ್ದ ಎರಡನೆಯದು ಕೇಳತೊಡಗುವುದೂ ಉಂಟು. ಹಳೆಯ ಫೈಲಿನಲ್ಲಿ ಅದರ ಚಿಕ್ಕ ಶಿಖರ ಮೊದಲೇ ಇತ್ತೇ ಎಂದು ನೋಡಿ. ಇದ್ದರೆ ಆ ಸಂಖ್ಯೆ ಹಿಡಿದು ಏರಿಳಿತದ ಪರೀಕ್ಷೆಯಿಂದ ಮತ್ತೆ ಶುರುಮಾಡಬೇಕು. ಬೀದಿಯ ನಕ್ಷೆಗೆ ಹೊಸದಾಗಿ ನಡೆಯಬೇಕಿಲ್ಲ, ಅಂದಿನ ರೆಕಾರ್ಡಿಂಗುಗಳಲ್ಲೇ ಈ ಗೆರೆಯ ಎತ್ತರವನ್ನೂ ಓದಿಕೊಳ್ಳಬಹುದು. ಅದಕ್ಕೇ ಯಾವ ಫೈಲನ್ನೂ ಅಳಿಸಬಾರದು.